ಮೂರನೇ ಬಟ್ಟಲಿನ ನೀಲಿ

ಕಾಗವಾಡ, ಶೇಡಬಾಳ, ಉಗಾರ ಕಡೆಯ ಹಿರಿಯರಿಗೆ ಈಜು ಕಲಿಸಿದ್ದು ಹೊಲದ ಬಾವಿ ಮತ್ತು ಕೃಷ್ಣಾ ನದಿ. ಇಳಿದು ಈಜಾಡಿದ ಬಾವಿಯಿಂದಲೇ ಕುಡಿಯಲು ಕೊಡ ತುಂಬಿಕೊಂಡದ್ದೂ ಉಂಟು. ಉಪ್ಪಿನಿಂದ ಅಲ್ಲೇ ಕ್ಲೋರಿನ್ ತಯಾರಿಸಿಕೊಳ್ಳುವ ಈಜುಕೊಳದ ಯಂತ್ರ ಇಂದಿಗೆ ಹೊಸದಾಗಿ ಕಾಣಬಹುದು. ಆದರೆ ನೀರಿಗೆ ಎಷ್ಟು ಕ್ಲೋರಿನ್ ಬೇಕೆಂದು ಅಳೆಯುವ ವಿದ್ಯೆ ನಮ್ಮ ಬಾವಿಕಟ್ಟೆಗಳಿಗೆ ಬಂದದ್ದು ಅದಕ್ಕಿಂತ ಬಹಳ ಮೊದಲು, ಅದೂ ಕಾಲರಾದ ಭಯದಿಂದ.

ಈ ಸೀಮೆಯ ಭಕ್ತರು ಆಷಾಢ, ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವುದು ಹಳೆಯ ರೂಢಿ. ಜಾತ್ರೆ ಮುಗಿಸಿ ಮರಳುವವರ ಜೊತೆಗೆ ಕಾಲರಾ ಕೂಡ ಊರೂರಿಗೆ ಹರಡುತ್ತದೆ ಎಂಬುದು 19ನೇ ಶತಮಾನದ ಮುಂಬೈ ಪ್ರಾಂತ್ಯದ ಆರೋಗ್ಯಾಧಿಕಾರಿಗಳ ದೊಡ್ಡ ಚಿಂತೆಯಾಗಿತ್ತು. 1884ರಲ್ಲಿ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತಾದ ಕೆರೆಯೊಂದರ ನೀರಿನಲ್ಲೇ ರೋಗಾಣುವನ್ನು ಕಂಡ. ಆಗ್ರಾದಲ್ಲಿದ್ದ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿಸಲು ಹೊರಟ. ನೀರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

ಮುಂದೆ ಆ ಜಾಗಕ್ಕೆ ಬಂದದ್ದು ಬ್ಲೀಚಿಂಗ್ ಪೌಡರ್. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಬಟ್ಟೆ ಬಿಳಿಮಾಡಲೆಂದು ಅದಕ್ಕೆ ಪೇಟೆಂಟ್ ಪಡೆದಿದ್ದ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್ ಊರಿಗೆ ಟೈಫಾಯ್ಡ್ ಬಡಿದಾಗ ನೀರಿನ ಕೊಳವೆಗಳನ್ನು ಅದರಿಂದ ತೊಳೆದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ದಿನವೂ ಕ್ಲೋರಿನ್ ಬೆರೆಸಿದ ನೀರನ್ನು ಮನೆಮನೆಗೆ ಕೊಡತೊಡಗಿತು. ಆದರೆ ಈ ಪುಡಿಯನ್ನು ನಂಬುವುದು ಕಷ್ಟ. ಹೊಸ ಪುಡಿಯಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ, ಚೀಲ ಬಿಚ್ಚಿಟ್ಟರೆ ಅದು ದಿನದಿನಕ್ಕೂ ಹಾರಿಹೋಗುತ್ತದೆ. ಮೇಲಾಗಿ, ಕಸಕಡ್ಡಿ ಕೊಳೆತ ಬಾವಿ ಹಾಕಿದ್ದನ್ನೆಲ್ಲ ನುಂಗಿಬಿಡುತ್ತದೆ. ಹೀಗಿರುವಾಗ ಎಲ್ಲ ಬಾವಿಗೂ ಒಂದೇ ಅಳತೆ ಹೇಗೆ ಹೊಂದೀತು?

ಬ್ರಿಟಿಷ್ ಸೈನ್ಯದ ವೈದ್ಯ ವಿಲಿಯಂ ಹಾರಕ್ಸ್ ಇದಕ್ಕೊಂದು ಪೆಟ್ಟಿಗೆ ರೂಪಿಸಿದ. ಅದರಲ್ಲಿ 200 ಮಿಲಿಲೀಟರ್ ಹಿಡಿಯುವ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಪುಡಿ ಹಿಡಿಯುವ ಚಮಚ, ಗಾಜಿನ ಕಡ್ಡಿಗಳು. ಕಪ್ಪು ಬಟ್ಟಲಿನಲ್ಲಿ ಒಂದು ಚಮಚ ಪುಡಿಯನ್ನು ಕಲಸಿ, ಗುರುತಿನವರೆಗೆ ನೀರು ಹಾಕಿ, ಸುಣ್ಣ ತಳ ಸೇರುವವರೆಗೆ ಕಾಯಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ತುಂಬಿ, ಮೊದಲನೆಯದಕ್ಕೆ ಆ ತಿಳಿಯ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಹಾಕಿ ಕಲಕಬೇಕು. ಅರ್ಧ ಗಂಟೆ ಬಿಟ್ಟು ಪ್ರತಿಯೊಂದಕ್ಕೂ ಗಂಜಿ ಮತ್ತು ಅಯೊಡೈಡ್ ಬೆರೆತ ದ್ರಾವಣದ ಮೂರು ಹನಿ. ಕೊಳೆಯನ್ನೆಲ್ಲ ತೀರಿಸಿ ಕ್ಲೋರಿನ್ ಉಳಿದಿದ್ದರೆ ಮಾತ್ರ ನೀರು ನೀಲಿಯಾಗುತ್ತದೆ. ನೀಲಿ ಮೊದಲು ಮೂಡಿದ್ದು ಮೂರನೇ ಬಟ್ಟಲಿನಲ್ಲಾದರೆ, 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ ಆರು ಗ್ರಾಂ ಪುಡಿ. ಪ್ರಯೋಗಾಲಯವನ್ನೇ ಬಾವಿಕಟ್ಟೆಗೆ ತಂದಿಟ್ಟ ಸಾಧನ ಇದು.

ಅಳೆದ ಪುಡಿಯನ್ನು ಕಲಸಿದ ತಿಳಿಯನ್ನು ಬಕೆಟ್ಟಿನಲ್ಲಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ, ಅತ್ತ ಇತ್ತ ಆಡಿಸಬೇಕು. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ನೀರು ಕುಡಿಯಲು ಯೋಗ್ಯ. ಆದರೆ ಮನೆಮಂದಿ ಸೇದುವ ಸಣ್ಣ ಬಾವಿಗೆ ದಿನವೂ ಇದನ್ನು ಯಾರು ಮಾಡುತ್ತಾರೆ? ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ ಕುಂಬಾರರ ಗಡಿಗೆಯಲ್ಲೇ ಪರಿಹಾರ ಹುಡುಕಿತು. ಒಂದು ಕಿಲೋ ಬ್ಲೀಚಿಂಗ್ ಪೌಡರ್, ಎರಡು ಕಿಲೋ ದಪ್ಪ ಮರಳು ಕಲಸಿ ತೂತಿರುವ ಸಣ್ಣ ಗಡಿಗೆಗೆ ತುಂಬುವುದು, ಅದನ್ನು ತೂತಿರುವ ದೊಡ್ಡ ಗಡಿಗೆಯೊಳಗಿಟ್ಟು ಬಾಯಿ ಕಟ್ಟಿ, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗುಬಿಡುವುದು. 4,500 ಲೀಟರಿನ ಬಾವಿಗೆ ಎರಡು ಮೂರು ವಾರ ಕ್ಲೋರಿನ್ ತಾನಾಗಿ ಜಿನುಗುತ್ತದೆ. ಕರೆಂಟು ಬೇಡ, ಕಾವಲು ಬೇಡ.

ಈಜುವ ನೀರು ಮತ್ತು ಕುಡಿಯುವ ನೀರು ಬೇರೆಯಾದದ್ದಕ್ಕೆ ನಾರುಹುಣ್ಣೂ ಒಂದು ಕಾರಣ. ಕರ್ನಾಟಕವನ್ನೂ ಕಾಡಿದ ಈ ಹುಳುವಿನ ರೋಗ ಹಬ್ಬುತ್ತಿದ್ದದ್ದು ಜನ ಕಾಲಿಳಿಸುವ ಮೆಟ್ಟಿಲು ಬಾವಿಗಳಿಂದ. ಅವುಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ಬ್ಲೀಚಿಂಗ್ ಪೌಡರ್ ಮಾತ್ರ ಮೂಲೆ ಸೇರಲಿಲ್ಲ. 2005, 2019, 2021ರಲ್ಲಿ ಕೃಷ್ಣೆ ದಡ ಮೀರಿದಳು. ನೆರೆಯ ನೀರು ನುಗ್ಗಿದ ಬಾವಿಯನ್ನು ಖಾಲಿ ಮಾಡಿ, ಪುಡಿ ಹಾಕಿ, ಮತ್ತೆ ಅಳೆದು ನೋಡಿಯೇ ಬಳಕೆಗೆ ಬಿಡಬೇಕು.

ಇನ್ನು ಈಜುಕೊಳದ ಆ ಉಪ್ಪಿನ ಯಂತ್ರದ ಮಾತು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಕ್ಲೋರಿನ್ ಹೊರಡುತ್ತದೆಂದು ರಸಾಯನಶಾಸ್ತ್ರಜ್ಞ ಕ್ರುಯಿಕ್‌ಶ್ಯಾಂಕ್ 1800ರಲ್ಲೇ ತೋರಿಸಿದ್ದ. ಆದರೆ ಆ ಕ್ಲೋರಿನ್ ತನ್ನನ್ನು ಹುಟ್ಟಿಸಿದ ವಿದ್ಯುದಗ್ರವನ್ನೇ ತಿನ್ನುತ್ತಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬ ಸಂಶೋಧಕ ಟೈಟಾನಿಯಂ ತಗಡಿಗೆ ರುಥೇನಿಯಂ ಆಕ್ಸೈಡ್ ಲೇಪಿಸಿದ ಮೇಲೆ ತಗಡು ವರ್ಷಗಟ್ಟಲೆ ಬಾಳತೊಡಗಿತು. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಗೋವಾದ ಕುಂಡೈಯಲ್ಲಿ ಇಂಥ ಲೇಪನದ ತಗಡುಗಳು ತಯಾರಾಗುತ್ತವೆ.

ಕೊಳಕ್ಕೆ ಬೇಕಾದ ಉಪ್ಪು ಲೀಟರಿಗೆ ಮೂರು ನಾಲ್ಕು ಗ್ರಾಂ, ಸಮುದ್ರದಲ್ಲಿರುವುದು ಸುಮಾರು 35 ಗ್ರಾಂ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಾಗುವುದರಿಂದ, ಹೊರಚೆಲ್ಲಿದ ನೀರಿನೊಂದಿಗೆ ಹೋದಷ್ಟು ಉಪ್ಪನ್ನು ತುಂಬಿದರೆ ಸಾಕು. ತೊಂದರೆ ಬರುವುದು ಗಡಸು ನೀರಿನಿಂದ. ಕೊಳವೆಬಾವಿಯ ಗಡಸು ನೀರು ತುಂಬಿದರೆ ತಗಡಿನ ಮೇಲೆ ಸುಣ್ಣದ ಹೊಪ್ಪಳೆ ಕಟ್ಟಿ ಕ್ಲೋರಿನ್ ಇಳಿಯುತ್ತದೆ. ಯಂತ್ರ ಆಗಾಗ ಧನ, ಋಣ ಧ್ರುವಗಳನ್ನು ಅದಲುಬದಲು ಮಾಡಿ ಅದನ್ನು ಉದುರಿಸುತ್ತದೆ. ಉಳಿದದ್ದನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕು, ಕೀಸಿದರೆ ಲೇಪನವೇ ಹೋಗುತ್ತದೆ. ಉಪ್ಪಿನ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಹೊಪ್ಪಳೆ ಕಟ್ಟಿದ ತಗಡು, ಚಳಿಗಾಲದ ತಣ್ಣನೆ ನೀರು ಎರಡೂ ಉಪ್ಪು ಕಡಿಮೆಯಾಯಿತೆಂಬ ಸುಳ್ಳು ಲೆಕ್ಕ ಕೊಡಬಲ್ಲವು. ಆದ್ದರಿಂದ ಉಪ್ಪಿನ ಮೂಟೆ ಬಿಚ್ಚುವ ಮೊದಲು ನೀರನ್ನು ಬೇರೆಯಾಗಿ ಪರೀಕ್ಷಿಸಿ ಮೀಟರನ್ನು ಹೊಂದಿಸಬೇಕು. ಕ್ಲೋರಿನ್ ನೋಡಲು ಈಗ ಡಿಪಿಡಿ ಮಾತ್ರೆ ಇದೆ, ಕ್ಲೋರಿನ್ ಉಳಿದಿದ್ದರೆ ನೀರು ಗುಲಾಬಿಯಾಗುತ್ತದೆ.