ತಾಳದ ಪೆಟ್ಟಿಗೆಯ ಕಥೆ

ತಬಲಾದವರು ಸಿಗದಿದ್ದರೆ ಹಾಡುವವನು ಏನು ಮಾಡಬೇಕು? ಕಾಮೋಠೆಯ ನಮ್ಮ ನೆರೆಮನೆಯ ಹುಡುಗ ಒಬ್ಬನೇ ಕಾರ್ಯಕ್ರಮ ಕೊಡಲು ತಾಳದ ಯಂತ್ರ ಕೊಳ್ಳುತ್ತಾನಂತೆ. ಯಾವುದು ಒಳ್ಳೆಯದೆಂದು ನನ್ನನ್ನು ಕೇಳಿದ.

ನನಗೆ ನೆನಪಾದವರು ಮುಂಬಯಿಯ ಚರಣಜಿತ್ ಸಿಂಗ್. ಚಿತ್ರಸಂಗೀತದಲ್ಲಿ ವಾದ್ಯಗಾರರಾಗಿದ್ದ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಧ್ವನಿಮುದ್ರಿಕೆ ಮಾಡಿದರು. ತಾಳಕ್ಕಿದ್ದದ್ದು ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808. ಅದರ ಮೇಲೆ ಸಾಲಾಗಿ 16 ಗುಂಡಿಗಳು. ನಮ್ಮ ತೀನ್‌ತಾಲಕ್ಕೂ 16 ಮಾತ್ರೆಗಳೇ! ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಹೊರದೇಶದವರೂ ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಂಡರು.

ಆದರೆ 808ಕ್ಕೆ ಗೋಡೆಯ ವಿದ್ಯುತ್ತೇ ಬೇಕು. ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ಅದನ್ನು ಹೊರುವವರಾರು?

ನಮ್ಮ ಬೆಂಗಳೂರಿನ ದಾರಿ ಬೇರೆ. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಸಂಗೀತವನ್ನೂ ಬಲ್ಲ ಜಿ. ರಾಜ್ ನಾರಾಯಣ್ ರೇಡೆಲ್ ಸಂಸ್ಥೆಯನ್ನು ಕಟ್ಟಿ ವಿದ್ಯುನ್ಮಾನ ತಂಬೂರಿ, ತಬಲಾಗಳನ್ನು ಮನೆಮನೆಗೆ ಮುಟ್ಟಿಸಿದರು. ಇಂಥ ತಬಲಾ ಪೆಟ್ಟಿಗೆಯಲ್ಲಿ ಠೇಕಾ ಸಿದ್ಧವಾಗಿಯೇ ಇರುತ್ತದೆ. ಕಾಲ ಏರಿಸಿ ಇಳಿಸಿದರಾಯಿತು. ಹಾಡುವವನ ಉಸಿರಿಗೆ ಕಾಯುವುದು ಮಾತ್ರ ಅದಕ್ಕೆ ತಿಳಿಯದು.

ಹುಡುಗನಿಗೆ, ‘ಮೊದಲು ನಿನ್ನ ಹಾಡುಗಳ ತಾಳ ಬರೆದುಕೊಂಡು ಬಾ’ ಎಂದೆ. ಬರೆದು ತಂದ: ಕೆಹರ್ವಾ ಆರು, ದಾದರಾ ನಾಲ್ಕು, ರೂಪಕ ಒಂದು. ಆ ಚೀಟಿ ಹಿಡಿದೇ ಮಾನಸರೋವರ ಸ್ಟೇಷನ್ನಿನತ್ತ ನಡೆದ.