ಬಿಸಿನೀರಿಗೊಂದು ಕಟ್ಟುಕೊಡಗೆ

ಕೆರೆ ಕಟ್ಟಿಸಿದವನಿಗೆ, ಇಲ್ಲವೆ ಒಡೆದ ಏರಿಯನ್ನು ದುರಸ್ತು ಮಾಡಿಸಿದವನಿಗೆ, ಅದರ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವುದು ವಿಜಯನಗರದ ಅರಸರ ಕಾಲದಲ್ಲಿ ರೂಢಿಯಾಗಿತ್ತು. ಕಟ್ಟುಕೊಡಗೆಯೆಂದು ಇದಕ್ಕೆ ಹೆಸರು. ಅದೇ ಹಂಪೆಯ ಸೀಮೆಯಲ್ಲಿ, ಹೊಸಪೇಟೆಯ ಮಗ್ಗುಲಿಗೆ, 1945ರಲ್ಲಿ ಕೆಲಸ ತೊಡಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಟಿ.ಬಿ. ಡ್ಯಾಂ ನೀರಿನೊಡನೆ ವಿದ್ಯುಚ್ಛಕ್ತಿಯನ್ನೂ ತಂದಿತು. ಆ ಶಕ್ತಿಯನ್ನು ಉಳಿಸಿದವನಿಗೂ ಏನಾದರೂ ಕೊಡಬೇಕೆಂಬ ವಿಚಾರ ಬಂದದ್ದು ಬಹಳ ತಡವಾಗಿ.

ಹೊಸಪೇಟೆಯ ಹೋಟೆಲಿನವರೊಬ್ಬರು ಹಂಪೆಯ ಪ್ರವಾಸಿಗರ ಸ್ನಾನಕ್ಕೆಂದು ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಹಾಕಿಸಿದರೆನ್ನೋಣ. 1980ರ ದಶಕದ ಆದಾಯ ತೆರಿಗೆಯ ನಿಯಮದಂತೆ ಅದರ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಸವಕಳಿಯೆಂದು ಲಾಭದಲ್ಲಿ ಕಳೆಯಬಹುದಿತ್ತು. ಅದೇ ಬೀದಿಯ ಉಚಿತ ವಿದ್ಯಾರ್ಥಿನಿಲಯದ ಗತಿಯೇನು? ಅಲ್ಲಿ ಲಾಭವಿಲ್ಲ, ತೆರಿಗೆಯೂ ಇಲ್ಲ, ಕಳೆಯುವುದಾದರೂ ಯಾವುದರಲ್ಲಿ? ನೂರು ಹುಡುಗರಿಗೆ ನೀರು ಕಾಯಿಸುವ ಖರ್ಚಿಗೆ ಮಾತ್ರ ತೆರಿಗೆಯ ಯಾವ ರಿಯಾಯಿತಿಯೂ ಇರಲಿಲ್ಲ! ತೆರಿಗೆಯ ದಾರಿಯಲ್ಲಿ ಬರುವ ಸಹಾಯ ತೆರಿಗೆ ಕೊಡುವವನ ಮನೆಗಷ್ಟೇ ಹೋಗುತ್ತದೆ.

ಈ ಓರೆಯನ್ನು ತಕ್ಕಮಟ್ಟಿಗೆ ತಿದ್ದಿದ್ದು ಕೇಂದ್ರ ಸರ್ಕಾರದ ಅಗ್ಗದ ಸಾಲ. 2005ರ ಅನಂತರದ ಯೋಜನೆಯಲ್ಲಿ ಮನೆಯವರಿಗೆ ಶೇಕಡ 2, ಸವಕಳಿ ಪಡೆಯದ ಸಂಸ್ಥೆಗಳಿಗೆ 3, ಪಡೆಯುವ ವ್ಯಾಪಾರಸ್ಥರಿಗೆ 5ರಂತೆ ಬಡ್ಡಿ. ಅಂತರ ಸಣ್ಣದೆನಿಸಿದರೂ, ಇಬ್ಬರೂ ಒಂದೇ ಅಲ್ಲವೆಂಬುದನ್ನು ಸರ್ಕಾರ ಬರಹದಲ್ಲಿ ಒಪ್ಪಿಕೊಂಡಂತಾಯಿತು.

ಆದರೆ ಸೋಲಾರ್ ಹೀಟರುಗಳ ಸಹಾಯಧನ 2014ರಲ್ಲಿ ನಿಂತುಹೋಯಿತು. ಹೋಟೆಲಿನವರ ಸವಕಳಿ ಮೊದಲು ಶೇಕಡ 80ಕ್ಕೆ, 2017ರಲ್ಲಿ 40ಕ್ಕೆ ಇಳಿಯಿತೇ ಹೊರತು ಪೂರಾ ಹೋಗಲಿಲ್ಲ.