ಸಂಗೀತಚಿತ್ರಗಳಲ್ಲಿ ಹಾಡಿನ ಸ್ಥಾನ ಮತ್ತು ಗತಿ

ಹಾಡುಗಳ ಮೂಲಕ ಕಥೆ ನಡೆಸುವ ಚಲನಚಿತ್ರದಲ್ಲಿ ಯಾವ ಹಾಡು ಎಲ್ಲಿ ಬರಬೇಕು, ಎಷ್ಟು ಹೊತ್ತು ಇರಬೇಕು, ಅದರ ಹಿಂದುಮುಂದಿನ ದೃಶ್ಯಗಳ ಓಟ ಹೇಗಿರಬೇಕು ಎಂಬುದರ ಏರ್ಪಾಡು. ಹಾಡು ಬಂದೊಡನೆ ಚಿತ್ರದ ಕಾಲಮಾನ ಬದಲಾಗುತ್ತದೆ. ಒಂದು ಕ್ಷಣದ ತಳಮಳ ನಾಲ್ಕು ನಿಮಿಷಕ್ಕೆ ಹಿಗ್ಗಬಹುದು. ಒಂದು ಪಲ್ಲವಿ, ಎರಡು ಚರಣ ಮುಗಿಯುವುದರೊಳಗೆ ತೊಟ್ಟಿಲ ಮಗು ಕಾಲೇಜು ಸೇರಿಬಿಡಬಹುದು. ಆದ್ದರಿಂದ ಹಾಡಿನ ಜಾಗ ತಪ್ಪಿದರೆ ಟ್ಯೂನು ಎಷ್ಟೇ ಚೆನ್ನಾಗಿರಲಿ, ಕಥೆ ಕುಂಟುತ್ತದೆ.

ಜಾಗ ಬದಲಾದರೆ ಹಾಡಿನ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ‘ವೆಸ್ಟ್ ಸೈಡ್ ಸ್ಟೋರಿ’ ತಕ್ಕ ನಿದರ್ಶನ. ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ, ಸ್ಟೀಫನ್ ಸಾಂಡ್‌ಹೈಮ್ ಗೀತಸಾಹಿತ್ಯದ ಈ ನಾಟಕ 1957ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ರಂಗಕ್ಕೆ ಬಂತು. ಹುಡುಗರ ಎರಡು ಗುಂಪುಗಳ ಹೊಡೆದಾಟದಲ್ಲಿ ಇಬ್ಬರು ಸಾಯುವುದರೊಂದಿಗೆ ಮೊದಲ ಅಂಕದ ತೆರೆ ಬೀಳುತ್ತದೆ. ಎರಡನೆಯ ಅಂಕ ಆರಂಭವಾಗುವುದೇ ನಾಯಕಿ ಮರಿಯಾಳ ‘ಐ ಫೀಲ್ ಪ್ರೆಟಿ’ ಹಾಡಿನಿಂದ. ತನ್ನ ಪ್ರಿಯಕರನೇ ತನ್ನ ಅಣ್ಣನನ್ನು ಕೊಂದಿದ್ದಾನೆಂದು ಪ್ರೇಕ್ಷಕರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹಾಗಾಗಿ ಅವಳ ಸಂಭ್ರಮ ನೋಡುವವರ ಕರುಳು ಹಿಂಡುತ್ತದೆ. ರಾಬರ್ಟ್ ವೈಸ್ ಮತ್ತು ಜೆರೋಮ್ ರಾಬಿನ್ಸ್ ನಿರ್ದೇಶಿಸಿದ 1961ರ ಚಿತ್ರದಲ್ಲಿ ಇದೇ ಹಾಡು ಹೊಡೆದಾಟಕ್ಕೆ ಮೊದಲೇ ಬರುತ್ತದೆ. ಅಲ್ಲಿ ಅದು ಪ್ರೇಮದಲ್ಲಿ ಬಿದ್ದ ಹುಡುಗಿಯೊಬ್ಬಳ ಸಂತೋಷದ ಹಾಡು, ಅಷ್ಟೆ.

ಅದೇ ಚಿತ್ರದಲ್ಲಿ ಇನ್ನೊಂದು ಅದಲುಬದಲೂ ನಡೆದಿದೆ. ರಂಗದ ಮೇಲೆ ‘ಕೂಲ್’ ಹೊಡೆದಾಟಕ್ಕೆ ಮೊದಲು, ಪೊಲೀಸರನ್ನು ಗೇಲಿ ಮಾಡುವ ‘ಗೀ, ಆಫೀಸರ್ ಕ್ರಪ್ಕೆ’ ನಂತರ. ಸಿನಿಮಾ ಇವೆರಡರ ಸ್ಥಾನವನ್ನು ಬದಲಿಸಿತು. ನಾಟಕದಲ್ಲಿ ವಿರಾಮ ಮುಗಿಸಿ ಬಂದವರು ನಗಲು ಸಿದ್ಧರಿರುತ್ತಾರೆ. ಪರದೆಯ ಮೇಲೆ ಹೆಣಗಳು ಬಿದ್ದ ಬೆನ್ನಿಗೇ ತಮಾಷೆಯ ಹಾಡು ಬಂದರೆ ಕಟ್ಟಿದ ಬಿಗಿ ಸಡಿಲವಾಗುತ್ತದೆ. ಬದಲಾವಣೆಯಿಂದ ‘ಕೂಲ್’ ಹೆಚ್ಚು ಲಾಭ ಪಡೆಯಿತು. ತಮ್ಮ ಗುಂಪಿನ ಮುಖಂಡ ಸತ್ತ ಮೇಲೆ ಗ್ಯಾರೇಜಿನಲ್ಲಿ ಕುದಿಯುವ ಹುಡುಗರು ತಮ್ಮನ್ನು ತಾವೇ ಹಿಡಿದಿಟ್ಟುಕೊಳ್ಳುವ ಆ ನೃತ್ಯವೇ ಚಿತ್ರದ ಅತ್ಯಂತ ಬಿಗಿಯಾದ ಭಾಗ. ಸ್ಟೀವನ್ ಸ್ಪೀಲ್‌ಬರ್ಗ್ 2021ರ ತಮ್ಮ ಚಿತ್ರದಲ್ಲಿ ‘ಐ ಫೀಲ್ ಪ್ರೆಟಿ’ಯನ್ನು ಮತ್ತೆ ಕೊಲೆಗಳ ನಂತರಕ್ಕೆ ಒಯ್ದರು, ‘ಕೂಲ್’ ಮತ್ತು ‘ಕ್ರಪ್ಕೆ’ ಎರಡನ್ನೂ ಮೊದಲೇ ಮುಗಿಸಿದರು. ಮರಿಯಾಳ ಮಟ್ಟಿಗೆ ಇದು 1961ರ ಕ್ರಮಕ್ಕಿಂತ ಮೇಲು.

ಕಥೆಯ ಓಟಕ್ಕೆ ಅಡ್ಡಿಯೆಂದು ಹಾಡಿಗೇ ಕತ್ತರಿ ಹಾಕಲು ಹೊರಟ ಪ್ರಸಂಗಗಳೂ ಉಂಟು. ‘ದಿ ವಿಝರ್ಡ್ ಆಫ್ ಆಝ್’ (1939) ಚಿತ್ರದ ಪ್ರಾಯೋಗಿಕ ಪ್ರದರ್ಶನದ ನಂತರ ‘ಓವರ್ ದ ರೇನ್‌ಬೋ’ ಆರಂಭವನ್ನು ನಿಧಾನಗೊಳಿಸುತ್ತದೆಂದು ಅದನ್ನು ತೆಗೆದಿದ್ದರು. ಮತ್ತೆ ಸೇರಿಸಿದ ಮೇಲೆ ಅದಕ್ಕೇ ಆಸ್ಕರ್ ಬಂತು.

ಭಾರತದಲ್ಲಿ ಪ್ರಶ್ನೆ ಬೇರೆ ದಿಕ್ಕಿನಿಂದ ಹುಟ್ಟಿತು. ಕಂಪನಿ ನಾಟಕಗಳಲ್ಲಿ ಮಾತಿಗೊಂದು ಹಾಡು ರೂಢಿಯಾಗಿತ್ತು, ಟಾಕಿಗಳು ಅದನ್ನೇ ಮುಂದುವರಿಸಿದವು. ಹಿಂದಿಯ ‘ಇಂದ್ರಸಭಾ’ದಲ್ಲಿ (1932) ಸುಮಾರು 70 ಹಾಡುಗಳಿದ್ದವು. ಹಾಡಿನ ಉದ್ದವನ್ನು ಕಥೆಗಿಂತ ಗ್ರಾಮಫೋನ್ ತಟ್ಟೆ ನಿರ್ಧರಿಸಿದ್ದೂ ಉಂಟು: ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಹಿಂದಿ ಚಿತ್ರನಿರ್ದೇಶಕ ಗುರುದತ್ ಹಾಡಿನ ಮುಂಚಿನ ವಾದ್ಯಸಂಗೀತವನ್ನು ಬಿಟ್ಟು ಮಾತಿನಿಂದಲೇ ಹಾಡಿಗೆ ಜಾರುವ ಕ್ರಮವನ್ನು ರೂಢಿಸಿಕೊಂಡರು. ಹಾಡು ಎಲ್ಲಿಂದಲೋ ಬಂದು ಅಂಟಿಕೊಂಡಿತೆಂಬ ಭಾವನೆ ಇದರಿಂದ ತಪ್ಪಿತು.

ಕನ್ನಡದಲ್ಲಿ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ (1975) ಈ ತೊಡಕನ್ನು ಬುಡದಲ್ಲೇ ಬಿಡಿಸಿಕೊಂಡ ಚಿತ್ರ. ತ. ರಾ. ಸುಬ್ಬರಾಯರ ಕಾದಂಬರಿ ಆಧರಿಸಿದ ಇದರ ನಾಯಕ ಸಂಗೀತಗಾರ. ಹಾಡುವುದೇ ಅವನ ಬದುಕಾದ್ದರಿಂದ ಹಾಡು ಏಕೆ ಬಂತೆಂಬ ಪ್ರಶ್ನೆಯೇ ಏಳುವುದಿಲ್ಲ. ಇದರ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರು ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು.